ವೈನಿ ಅಂತ ಬರೆದ ಬೆನ್ನು

ಹನ್ನೆರಡು ಅಂಗಿಗಳ ಬೆನ್ನ ಮೇಲೆ ಒಂದೇ ಮಾತು ಅಚ್ಚಾಗಿತ್ತು. ಸರ್ಜಾ ವೈನಿ.

ಅಂಗಿಗಳು ಪ್ಲಾಸ್ಟಿಕ್ ಚೀಲದಿಂದ ಹೊರಬಿದ್ದಾಗ ಹುಡುಗಿಯರು ಮೊದಲು ಬಟ್ಟೆ ಮುಟ್ಟಿ ನೋಡಿದರು. ಕಾಲೇಜಿನ ಹುಡುಗಿಯರ ಖೋ ಖೋ ತಂಡಕ್ಕೆ ಅಲ್ಲಿಯವರೆಗೆ ಅಂಗಿಯೇ ಇರಲಿಲ್ಲ. ಅಣ್ಣತಮ್ಮಂದಿರ ಹಳೆಯ ಟೀ ಶರ್ಟು ತೊಟ್ಟು ಆಡುತ್ತಿದ್ದರು. ಬಟ್ಟೆ ನುಣುಪಾಗಿತ್ತು, ಬಣ್ಣ ಗುಲಾಬಿ. ಅನುಸೂಯಾ ತನ್ನ ಅಂಗಿಯನ್ನು ತಿರುಗಿಸಿದಳು. ಏಳನೇ ನಂಬರು. ನಂಬರಿನ ಮೇಲೆ, ಭುಜದಿಂದ ಭುಜಕ್ಕೆ, ಆ ಮಾತು.

ಸರ್ಜಾ ಒಂದು ಎತ್ತು. ಕಾಲೇಜಿನ ಆಡಳಿತ ಮಂಡಳಿಯ ಬಾಳಾಸಾಬ ಸಾವಕಾರರ ಶರ್ಯತ್ತಿನ ಎತ್ತು. ಗಾಡಿ ಓಟದಲ್ಲಿ ಅದು ಗೆದ್ದು ಬಂದ ದಿನ ಪೇಟೆಯಲ್ಲಿ ಗುಲಾಲು ಹಾರುತ್ತಿತ್ತು. ಅದರ ಕೋಡಿಗೆ ನೀಲಿ ಬಣ್ಣ ಹಚ್ಚಿರುತ್ತಿದ್ದರು. ಹುಡುಗರ ತಂಡದ ಅಂಗಿಯೂ ಅದೇ ನೀಲಿ. ಹುಡುಗರ ತಂಡದ ಹೆಸರೂ ಸರ್ಜಾ. ಹುಡುಗಿಯರ ತಂಡ ಆ ಸರ್ಜಾಗಳ ವೈನಿ.

ಈ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ. ಮನೆಯೊಳಗೆ ಅದು ಮರ್ಯಾದೆಯ ಮಾತು. ಬಸ್ ಸ್ಟ್ಯಾಂಡಿನಲ್ಲಿ ಅಲ್ಲ. ಒಬ್ಬ ಹುಡುಗ ಒಬ್ಬ ಹುಡುಗಿಯ ಮೇಲೆ ಕಣ್ಣಿಟ್ಟರೆ ಅವನ ಗೆಳೆಯರು ಅವಳನ್ನು ವೈನಿ ಎಂದು ಕರೆಯಲು ಶುರುಮಾಡುತ್ತಾರೆ. ಅವಳನ್ನು ಯಾರೂ ಕೇಳಿರುವುದಿಲ್ಲ. ಇವಳು ಇಂಥವನ ಪಾಲು ಎಂದು ಗಂಡಸರು ತಮ್ಮೊಳಗೇ ಹಾಕಿಕೊಂಡ ಬೇಲಿ ಅದು.

"ಹುಡುಗರ ಅಂಗೀಗೂ ಒಂದರಿಂದ ಹನ್ನೆರಡು. ನಮ್ಮ ಅಂಗೀಗೂ ಒಂದರಿಂದ ಹನ್ನೆರಡು," ಎಂದಳು ತಂಡದ ಕ್ಯಾಪ್ಟನ್ ಪ್ರಾಜಕ್ತಾ. "ಜೋಡಿ ಹಚ್ಯಾರ ಲೇ."

ಯಾರೂ ನಗಲಿಲ್ಲ. ಹುಡುಗರ ತಂಡದಲ್ಲಿ ಏಳನೇ ನಂಬರು ಯಾರದೆಂದು ಅನುಸೂಯಾ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಜ್ಞಾನದೇವ. ಬಾಳಾಸಾಬರ ಮಗ.

ಅವತ್ತೇ ಅವರು ದೈಹಿಕ ಶಿಕ್ಷಣದ ದಶರಥ ಸರ್ ಹತ್ತಿರ ಹೋದರು. ಸರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ಸರ್, ಈ ಹೆಸರು ಬ್ಯಾಡ್ರಿ ನಮಗ," ಎಂದಳು ಅನುಸೂಯಾ.

"ಯಾಕವಾ? ಸಾವಕಾರ್ರು ಮರ್ಯಾದೀಲೆ ಇಟ್ಟಾರ. ವೈನಿ ಅಂದ್ರ ತಾಯಿ ಸಮಾನ."

"ಹಂಗಾದ್ರ ಹುಡುಗರ ಬೆನ್ನಮ್ಯಾಲ ಅಳ್ಯಾ ಅಂತ ಬರಸ್ರಿ. ಅದೂ ಮರ್ಯಾದಿ ಮಾತಲ್ರಿ? ಆರತಿ ಮಾಡಿ ಒಳಗ ಕರಕೋತಾರ."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಸರ್ ಕೂಡ ನಗುವವರಿದ್ದರು. ಬಾಗಿಲ ಕಡೆ ನೋಡಿ ತುಟಿ ಬಿಗಿದರು.

"ಬಾಯಿ ಭಾಳ ಆತು ನಿಂದು. ಗ್ರೌಂಡ್ ಅವರ ಹೊಲದಾಗ ಐತಿ. ಕಿಟ್ ಅವರು ಕೊಟ್ಟಾರ. ಸುಮ್ನ ಹಾಕೋರಿ."

"ಕಾಲೇಜಿನ ಹೆಸರು ಹಾಕಿದ್ರ ಏನಾಕ್ಕೈತ್ರಿ ಸರ್?"

"ಅಂಗಿ ಹಾಕೊಳ್ಳಾರ್ದವರು ಆಡಾಂಗಿಲ್ಲ," ಎಂದರು ಸರ್. ಮತ್ತೆ ದನಿ ತಗ್ಗಿಸಿ, "ಇದು ನನ್ನ ಮಾತಲ್ಲ. ನನಗೂ ಮಕ್ಕಳದಾವು," ಎಂದರು.

ಆಡದಿರುವುದು ಹೇಗೆಂದು ಅನುಸೂಯಾಳಿಗೆ ತಿಳಿಯುತ್ತಿರಲಿಲ್ಲ. ಕುರಿಗಳ ಹಿಂದೆ ನಡೆದು ಗಟ್ಟಿಯಾದ ಕಾಲುಗಳು ಅವಳವು. ಮುಂಜಾನೆ ಹುಡುಗರಿಗಿಂತ ಮೊದಲು ಬಂದು ಹುಡುಗಿಯರು ಬಯಲಿನ ಹರಳು ಆರಿಸುತ್ತಿದ್ದರು. ಕೊಡದಲ್ಲಿ ನೀರು ಹೊತ್ತು ತಂದು ಧೂಳಿಗೆ ಚಿಮುಕಿಸುತ್ತಿದ್ದರು. ಸುಣ್ಣದ ಗೆರೆ ಹಾಕುತ್ತಿದ್ದರು. ಆ ಹಸನಾದ ನೆಲದ ಮೇಲೆ ಹುಡುಗರು ಆಡಿ, ಬೇಯಿಸಿದ ತತ್ತಿ, ಬಾಳೆಹಣ್ಣು ತಿಂದು ಹೋಗುತ್ತಿದ್ದರು. ಆಮೇಲೆ ಹುಡುಗಿಯರ ಸರದಿ. ಆಗ ನೆಲ ಕಾದಿರುತ್ತಿತ್ತು. ಮೊಣಕಾಲಿನ ಸಿಪ್ಪೆ ಸುಲಿಯುತ್ತಿತ್ತು. ಗಾಯ ಒಣಗುವ ಮೊದಲೇ ಮತ್ತೆ ಅದೇ ಮೊಣಕಾಲ ಮೇಲೆ ಕೂರಬೇಕು. ಹೋದ ವರ್ಷ ವಲಯದ ಕಪ್ಪು ತಂದವರು ಈ ಹುಡುಗಿಯರು. ಹುಡುಗರು ಮೊದಲ ಸುತ್ತಿನಲ್ಲೇ ಸೋತಿದ್ದರು. ಆದರೂ ತಂಡ ಅಂದರೆ ಹುಡುಗರು. ಇವರು ಅವರ ವೈನಿಯರು.

ಹೆಸರು ಅಂಗಿಯಿಂದ ಇಳಿದು ರಸ್ತೆಗೆ ಬಂತು.

ಅನುಸೂಯಾ ತನ್ನೂರು ಅಲಖನೂರದ ಬಸ್ಸು ಹತ್ತಿದರೆ ಹಿಂದಿನಿಂದ ಯಾರೋ ಕೂಗುವರು. "ಏಳನೇ ನಂಬರ್ ವೈನಿ ಬಂದ್ಲು, ಜಾಗಾ ಬಿಡ್ರೋ." ಗದ್ದಲ ಮಾಡಿ ನಕ್ಕಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಅವರು ನಗುತ್ತಿರಲಿಲ್ಲ. ನಿಜವಾಗಿಯೂ ಎದ್ದು ಜಾಗ ಬಿಡುತ್ತಿದ್ದರು. ಕಿಕ್ಕಿರಿದ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಮುದುಕರು ಕೂಡ ಅಲ್ಲಿ ಕೂರುತ್ತಿರಲಿಲ್ಲ.

ಜ್ಞಾನದೇವ ಒಂದು ಮಾತೂ ಆಡಲಿಲ್ಲ. ಕಾಲೇಜಿನ ಗೇಟಿನ ಎದುರು ಬೈಕಿನ ಮೇಲೆ ಕೂತಿರುತ್ತಿದ್ದ. ಆಮೇಲೆ ಆ ಬೈಕು ಬಸ್ಸಿನ ಹಿಂದೆ ಬರತೊಡಗಿತು. ಆಮೇಲೆ ಊರಿನ ಅಗಸಿ ಬಾಗಿಲಲ್ಲಿ ನಿಲ್ಲತೊಡಗಿತು. ಆಮೇಲೆ, ಅವಳ ಅಪ್ಪ ಅಮೋಘಸಿದ್ದ ಗೊಬ್ಬರಕ್ಕೆಂದು ಕುರಿ ತರುಬಿದ್ದ ಹೊಲದ ಬದುವಿನ ಮೇಲೆ ಕಂಡಿತು.

ಆ ಹೊಲದ ಒಡೆಯ ಅಣ್ಣಾಸಾಬ ಒಂದು ದಿನ ತಂಬಾಕು ತಿಕ್ಕುತ್ತ ಅಮೋಘಸಿದ್ದನಿಗೆ ಹೇಳಿದ: "ದೊಡ್ಡವರ ಬೀಗಾ ಆದಿ ಬಿಡೋ. ಇನ್ನ ನಮ್ಮ ಹೊಲದಾಗ ಕುರಿ ಯಾಕ ತರುಬ್ತಿ?"

"ಏನಂತ ಮಾತಾಡ್ತೀರಿ ಗೌಡ್ರ?"

"ನಿನ್ನ ಮಗಳ ಬೆನ್ನಮ್ಯಾಲ ಬರದೈತಂತಲ್ಲೋ. ನಂದೇನೈತಿ, ಊರ ಮಂದಿ ಅಂತಾರ."

ಅಮೋಘಸಿದ್ದನಿಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದು ಹಗ್ಗದ ಮೇಲೆ ಒಣಹಾಕಿದ್ದ ಅಂಗಿಯನ್ನು ಬಹಳ ಹೊತ್ತು ನೋಡಿದ.

ಮರುವಾರ ಒಂದು ಮುಂಜಾನೆ ಅವನು ಹಿಂಡಿನ ಸುತ್ತ ಕಟ್ಟಿದ್ದ ಬಲೆ ಎತ್ತಿ ಕುರಿ ಹೊರಗೆ ಬಿಡುವಾಗ ಒಂದು ಹೆಣ್ಣುಕುರಿಯ ಬೆನ್ನ ಮೇಲೆ ನೀಲಿ ಬಣ್ಣ ಕಂಡಿತು. ದಪ್ಪ ಎಣ್ಣೆಬಣ್ಣ. ಬ್ರಷ್ಷಿನಲ್ಲಿ, ಅವಸರವಿಲ್ಲದೆ ಬರೆದದ್ದು. ಏಳು.

ಬುತ್ತಿ ತಂದಿದ್ದ ಅನುಸೂಯಾ ಅದನ್ನು ನೋಡಿದಳು. ಸರ್ಜಾನ ಕೋಡಿನ ನೀಲಿ ಅದು. ಕಾವಲು ನಾಯಿ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಅದರ ಮುಂದೆ ಬಿಸ್ಕೀಟಿನ ಹರಿದ ಹಾಳೆ ಬಿದ್ದಿತ್ತು. ನಾಯಿ ಬೊಗಳಿರಲಿಲ್ಲ. ಹೊಸಬರಾದರೆ ಅದು ಮೈಮೇಲೆ ಬೀಳುತ್ತಿತ್ತು. ನಾಯಿಗೆ ಗುರುತು ಸಿಗುವಷ್ಟು ಸಲ ಯಾರೋ ಬಂದು ಹೋಗಿದ್ದರು. ಅಪ್ಪ ಅಲ್ಲೇ, ಕಂಬಳಿ ಹೊದ್ದು ಮಲಗಿರುತ್ತಿದ್ದ. ಅವನ ತಲೆದೆಸೆಯಿಂದಲೇ ಅವರು ದಾಟಿ ಹೋಗಿರಬೇಕು.

"ಕಾಲು ಹಿಡಿ," ಎಂದ ಅಪ್ಪ.

ಅವಳು ಕುರಿಯನ್ನು ಕೆಡವಿ ನಾಲ್ಕೂ ಕಾಲು ಒತ್ತಿಹಿಡಿದಳು. ಅಮೋಘಸಿದ್ದ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದ. ಬಣ್ಣ ಬಿದ್ದ ಉಣ್ಣೆ ಗಟ್ಟಿಯಾಗಿತ್ತು. ಚರ್ಮದವರೆಗೂ ಕತ್ತರಿಸಬೇಕಾಯಿತು. ಬೆನ್ನ ನಡುವೆ ಬೋಳು ಜಾಗ ಕಾಣಿಸಿತು, ಗುಲಾಬಿ ಬಣ್ಣದ್ದು.

"ಈ ಮ್ಯಾಚ್ ಕಡೇದು," ಎಂದ ಅಪ್ಪ, ಕತ್ತರಿ ನಿಲ್ಲಿಸದೆ. "ಆಮ್ಯಾಲ ಆಟ ಬ್ಯಾಡ. ಕಾಲೇಜೂ ಬ್ಯಾಡ. ಐಗಳಿ ಊರಾಗ ಒಂದ್ ಮನಿ ಐತಿ. ಹುಡುಗ ಚಲೋ ಅದಾನಂತ."

"ನಾ ಏನ್ ತಪ್ಪ ಮಾಡೀನಪ್ಪಾ?"

"ನೀ ಏನೂ ಮಾಡಿಲ್ಲ."

"ಮತ್ಯಾಕ? ನಾ ಕುರಿ ಅಲ್ಲಪ್ಪಾ."

"ಗೊತ್ತೈತಿ. ಕುರೀ ಆಗಿದ್ರ ಕತ್ತರಿಸಿ ತಗೀತಿದ್ನಿ."

ಕತ್ತರಿ ಜಾರಿತು. ಕುರಿಯ ಚರ್ಮದ ಮೇಲೆ ಒಂದೆಡೆ ರಕ್ತದ ಗೆರೆ ಮೂಡಿತು. ಅಪ್ಪ ಉಣ್ಣೆ ಕತ್ತರಿಸುವಾಗ ರಕ್ತ ಬಂದದ್ದನ್ನು ಅನುಸೂಯಾ ನೋಡಿದ್ದು ಅದೇ ಮೊದಲು.

ಆ ಸಂಜೆ ಅಜ್ಜಿ ಹೊಳೆವ್ವ ಹುರಮಂಜು ಕಲಸುತ್ತಿದ್ದಳು. ಸಂತೆಯಲ್ಲಿ ಕೊಂಡು ತಂದ ಕುರಿಯ ಮೇಲೆ ಹಳೆಯ ಒಡೆಯನ ಗುರುತು ಇರುತ್ತದೆ. ಅವರ ಮನೆಯಲ್ಲಿ ಆ ಗುರುತನ್ನು ಕತ್ತರಿಸಿ ತೆಗೆಯುತ್ತಿರಲಿಲ್ಲ. ಕೆಂಪು ಹುರಮಂಜಿನ ಪುಡಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ, ಹೊಳೆವ್ವ ಅದರಲ್ಲಿ ಅಂಗೈ ಅದ್ದಿ ಹಳೆಯ ಗುರುತಿನ ಮೇಲೆ ಊರುತ್ತಿದ್ದಳು. ಸೊಟ್ಟಾದ ಕಿರುಬೆರಳಿನ ಆ ಅಂಗೈಯೇ ಅವರ ಹಿಂಡಿನ ಗುರುತು.

"ಆಯಿ, ತೊಳದ್ರ ಹೋಗೂದಿಲ್ಲೇನು ಹಳೇದು?"

"ತೊಳಿಯಾಕ ಹೋಗಬಾರದು ಬೇ. ತೊಳದ್ರ ಹರಡತೈತಿ. ಮ್ಯಾಲ ಕೈ ಊರಿ ಬಿಟ್ಟಬಿಡಬೇಕು."

ಅನುಸೂಯಾ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಳು. ಕುಸುಬಿ ಎಣ್ಣೆ ಗಾಳಿ ಹೀರಿ ಪೊರೆಗಟ್ಟುತ್ತದೆ, ಪೊರೆಗಟ್ಟಿದ ಮೇಲೆ ನೀರಿಗೆ ಬಿಡುವುದಿಲ್ಲ ಎಂದು ಓದಿದ್ದಳು. ಆದರೆ ಅವಳು ಆಗ ನೋಡುತ್ತಿದ್ದದ್ದು ಎಣ್ಣೆಯನ್ನಲ್ಲ. ಅಜ್ಜಿಯ ಅಂಗೈ ಬೆನ್ನಿಗೆ ಬೀಳುವುದನ್ನು ನೋಡುತ್ತಿದ್ದಳು. ಪಟ್ ಎಂಬ ಆ ಸದ್ದು ಅವಳಿಗೆ ಹೊಸದಲ್ಲ. ದಿನಾ ಕೇಳುತ್ತಿದ್ದಳು. ಖೋ ಕೊಡುವಾಗ.

ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಓಡುವವಳು ಕೂತವಳ ಬೆನ್ನಿಗೆ ಅಂಗೈ ತಾಗಿಸಿ ಖೋ ಅಂದರೆ ಮಾತ್ರ ಅವಳು ಏಳಬಹುದು. ಒಂದು ಸರದಿಯಲ್ಲಿ ಎಷ್ಟು ಅಂಗೈ ಎಷ್ಟು ಬೆನ್ನಿಗೆ ಬೀಳುತ್ತವೋ ಯಾರೂ ಲೆಕ್ಕ ಇಡುವುದಿಲ್ಲ.

ಮರುದಿನ ನೀರಿನ ಟಾಕಿಯ ಹಿಂದೆ ಅವಳು ತಂಡಕ್ಕೆ, ಅಂಗೈಗೆ ಹುರಮಂಜು ಹಚ್ಚಿಕೊಂಡು ಖೋ ಕೊಡುವ ಯೋಚನೆ ಹೇಳಿದಳು.

"ಎಣ್ಣಿ ಕೈಲೆ ಕಂಬ ಜಾರತೈತಿ ಲೇ," ಎಂದಳು ಪ್ರಾಜಕ್ತಾ. ಅಂಕಣದ ಎರಡೂ ತುದಿಗೆ ನೆಟ್ಟ ಕಂಬವನ್ನು ಹಿಡಿದೇ ತಿರುಗಬೇಕು.

"ಎಡಗೈ ಕಂಬಕ್ಕ. ಬಲಗೈ ಬೆನ್ನಿಗೆ."

"ಸೋತ್ರ?"

"ಸೋಲಾಕ ಆಡೂದಿಲ್ಲ. ಆದ್ರ ಆ ಹೆಸರಿನ್ಯಾಗ ಗೆಲ್ಲೂದೂ ಬ್ಯಾಡ."

ತಂಡದ ನೀಲಮ ತಲೆ ತಗ್ಗಿಸಿ ನೆಲ ಗೀರುತ್ತಿದ್ದಳು. "ನಮ್ಮಪ್ಪ ಸಾವಕಾರ್ರ ದನದ ಮನ್ಯಾಗ ದುಡೀತಾನ. ಸರ್ಜಾನ ಮೈ ತೊಳಿಯಾಂವ ಅವನ. ನಾ ಕೈ ಅದ್ದಾಂಗಿಲ್ಲ, ಸಿಟ್ಟಾಗಬ್ಯಾಡ್ರಿ." ಗೀರಿದ್ದನ್ನು ಅಂಗೈಯಿಂದ ಅಳಿಸಿ ಅವಳೇ ಹೇಳಿದಳು: "ನನ್ನ ಬೆನ್ನಮ್ಯಾಲ ನೀವು ಹಚ್ಚಿದ್ರ ನಾ ಏನ್ ಮಾಡ್ಲಿ? ಹಿಂದಿಂದು ನನಗ ಕಾಣೂದಿಲ್ಲ."

ಯಾರೂ ಅವಳನ್ನು ಒತ್ತಾಯ ಮಾಡಲಿಲ್ಲ.

ಫೈನಲ್ ಪಂದ್ಯ ಅವರದೇ ಬಯಲಿನಲ್ಲಿ ನಡೆಯಿತು. ಪೆಂಡಾಲು ಹಾಕಿದ್ದರು. ಬಾಳಾಸಾಬ ನಡುವಿನ ಸೋಫಾದ ಮೇಲೆ ಕೂತಿದ್ದರು. ಪೆಂಡಾಲಿನ ಪಕ್ಕ, ಬೆನ್ನಿಗೆ ಕುಸುರಿ ಬಟ್ಟೆಯ ಜೂಲು ಹೊದಿಸಿ, ಸರ್ಜಾನನ್ನು ಕಟ್ಟಿದ್ದರು. ಮುಂಜಾನೆಯೇ ಸೋತ ಹುಡುಗರು ನೀಲಿ ಅಂಗಿಯಲ್ಲೇ ಹಗ್ಗದ ಗುಂಟ ಕೂತಿದ್ದರು. ಜ್ಞಾನದೇವ ಎಲ್ಲರಿಗಿಂತ ಮುಂದೆ ಇದ್ದ.

"ಆಲ್ಯಾ ರೇ ಆಲ್ಯಾ, ಆಪಲ್ಯಾ ವೈನಿ ಆಲ್ಯಾ!" ನಮ್ಮ ವೈನಿಯರು ಬಂದರು ಎಂದು ಮೈಕಿನವನು ಮರಾಠಿಯಲ್ಲಿ ಕೂಗಿದ. ಹುಡುಗರು ಚಪ್ಪಾಳೆ ತಟ್ಟಿದರು. ವೈನಿ, ವೈನಿ, ವೈನಿ. ಚಪ್ಪಾಳೆಗೆ ಒಂದು ತಾಳ ಇತ್ತು.

ಹುಡುಗಿಯರು ನೀರು ಕುಡಿಯುವಂತೆ ತಂಡದ ಚೀಲದ ಸುತ್ತ ಬಗ್ಗಿದರು. ಚೀಲದೊಳಗೆ ಹೊಳೆವ್ವನ ಡಬ್ಬಿ ಇತ್ತು. ಒಬ್ಬೊಬ್ಬರೇ ಬಲಗೈ ಮುಷ್ಟಿ ಮಾಡಿಕೊಂಡು ಅಂಕಣಕ್ಕೆ ನಡೆದರು. ನೀಲಮ ಬರಿಗೈಯಲ್ಲಿ ನಡೆದಳು. ಎಂಟು ಜನ ಕೂತರು. ಪ್ರಾಜಕ್ತಾ ಕಂಬದ ಹತ್ತಿರ ನಿಂತಳು. ಅಥಣಿಯಿಂದ ಬಂದಿದ್ದ ಅಂಪೈರ್ ಮೇಡಂ ಸೀಟಿ ಊದಿದರು.

ಖೋ. ಮೊದಲ ಅಂಗೈ ಬಿತ್ತು. ಖೋ. ಖೋ.

ಎದುರಾಳಿಗಳು ನಿಪ್ಪಾಣಿಯವರು, ಚುರುಕಿನವರು. ಅವರನ್ನು ಹಿಡಿಯಲು ಉಸಿರು ಕಟ್ಟಿ ಓಡಬೇಕಿತ್ತು. ಎದ್ದು, ಓಡಿ, ಬೆನ್ನಿಗೆ ಬಡಿದು, ಕೂತು, ಮತ್ತೆ ಎದ್ದು. ಗುಲಾಬಿ ಬಟ್ಟೆಯ ಮೇಲೆ ಕೆಂಪು ಮೂಡಿತು. ಮೊದಲು ಗಾಯವೆಂದುಕೊಂಡ ಹೆಂಗಸೊಬ್ಬಳು ಚೀರಿದಳು. ಆಮೇಲೆ ಬೆರಳುಗಳು ಕಂಡವು. ಒಂದರ ಮೇಲೊಂದು, ಅಡ್ಡ, ಉದ್ದ. ಬೆನ್ನಿನ ಅಕ್ಷರಗಳು ಮುರಿದವು, ಮುಳುಗಿದವು. ಮೈಕಿನವನು ಒಂದೆರಡು ಸಲ ವೈನಿ ಎಂದ. ಆಮೇಲೆ ಅವನ ಬಾಯಿ ಕಟ್ಟಿತು. ಹಗ್ಗದ ಗುಂಟ ಚಪ್ಪಾಳೆಯ ತಾಳ ತಪ್ಪಿತು. ಬಯಲಿನಲ್ಲಿ ಉಳಿದದ್ದು ಓಟದ ಸದ್ದು, ಖೋ ಎಂಬ ಕೂಗು.

ಸರದಿ ಮುಗಿದಾಗ ಅನುಸೂಯಾ ಮೊಣಕಾಲ ಮೇಲೆ ಕೈಯೂರಿ ಉಸಿರು ಎಳೆಯುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಆಗ ಅವಳಿಗೆ ಹೊಳೆಯಿತು. ಅವಳ ಬೆನ್ನಿಗೆ ಪ್ರತಿ ಸಲ ಖೋ ಕೊಟ್ಟವಳು ನೀಲಮ. ಎಂಟು ಬೆನ್ನು ಕೆಂಪಾಗಿದ್ದವು. ಅವಳೊಬ್ಬಳ ಬೆನ್ನು ಚೊಕ್ಕವಾಗಿತ್ತು. ಸರ್ಜಾ ವೈನಿ. ಏಳು.

ಜ್ಞಾನದೇವ ನಗುತ್ತಿದ್ದ.

ಬಾಳಾಸಾಬ ಅಂಪೈರ್ ಮೇಡಂ ಅವರನ್ನು ಕರೆದು ಏನೋ ಹೇಳಿದರು. ಮೇಡಂ ಬಂದು ನಿಂತರು. "ನಂಬರ್ ಕಾಣಬೇಕವಾ. ನಿಯಮ ಐತಿ. ತೊಳಕೊಂಡು ಬರ್ರಿ. ಇಲ್ಲಂದ್ರ ಮ್ಯಾಚ್ ಅವರಿಗೆ ಹೊಕ್ಕೈತಿ." ಅವರ ಕಣ್ಣು ಹುಡುಗಿಯರ ಕಣ್ಣನ್ನು ಕೂಡಲಿಲ್ಲ.

ದಶರಥ ಸರ್ ಬಕೆಟ್ಟು ಹೊತ್ತು ಓಡಿ ಬಂದರು. ನೀರು ಅವರ ಪ್ಯಾಂಟಿನ ಮೇಲೆ ತುಳುಕಿತ್ತು. ಹಿಂದೆಯೇ ಬಾಳಾಸಾಬರೂ ನಡೆದು ಬಂದರು. ಸಿಟ್ಟಿರಲಿಲ್ಲ ಮುಖದಲ್ಲಿ.

"ಹುಡುಗ ಬುದ್ಧಿ. ಇರ್ಲಿ, ಇರ್ಲಿ," ಎಂದರು. "ಏಳನೇ ನಂಬರ್ ಒಂದ್ ಚೊಕ್ಕ ಐತಿ ನೋಡ್ರಿ. ಶಾಣ್ಯಾ ಹುಡುಗಿ. ನೀಲಮ, ನಿನ್ನ ಕೈ ಸ್ವಚ್ಛ ಐತೆಲ್ಲ. ಆ ಅರಬಿ ತಗೊಂಡು ಎಲ್ಲಾರ ಬೆನ್ನು ಒರಸು. ನಿಮ್ಮಪ್ಪ ಅಲ್ಲೇ ನಿಂತಾನ, ನೋಡಾಕತ್ತಾನ."

ನೀಲಮಳ ಅಪ್ಪ ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಅವನು ನೆಲ ನೋಡುತ್ತಿದ್ದ.

ನೀಲಮ ಅರಿವೆ ತೆಗೆದುಕೊಂಡಳು. ನೀರಿನಲ್ಲಿ ಅದ್ದಿದಳು. ಹಿಂಡಿದಳು. ಪ್ರಾಜಕ್ತಾಳ ಬೆನ್ನ ಹತ್ತಿರ ಹೋಗಿ ನಿಂತಳು. ಅಲ್ಲೇ ನಿಂತಳು. ಆಮೇಲೆ ಅರಿವೆಯನ್ನು ಬಕೆಟ್ಟಿಗೆ ಎಸೆದು, ಚೀಲದ ಹತ್ತಿರ ಹೋಗಿ, ಡಬ್ಬಿಯಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿದಳು.

"ಏ ನೀಲಮ," ಎಂದರು ದಶರಥ ಸರ್. ಕೂಗಲಿಲ್ಲ. ಬೇಡಿಕೊಂಡರು.

ಅವಳು ನೆಟ್ಟಗೆ ಬಂದು ಅನುಸೂಯಾಳ ಬೆನ್ನ ನಡುವೆ, ಆ ಮಾತಿನ ಮೇಲೆ, ಆ ನಂಬರಿನ ಮೇಲೆ ಅಂಗೈ ಊರಿದಳು. ಒತ್ತಿದಳು. ಕೆಳಗೆ ಎಳೆದಳು.

"ಖೋ," ಎಂದಳು.

ಸರ್ಜಾ ಗೊರಸಿನಿಂದ ನೆಲ ಕೆದರಿತು. ಒಂಬತ್ತು ಹುಡುಗಿಯರು ಅಂಕಣಕ್ಕೆ ಹೋಗಿ, ಪೆಂಡಾಲಿಗೆ ಬೆನ್ನು ಮಾಡಿ ಕೂತರು. ತೊಳೆಯಲಿಲ್ಲ. ಮೇಡಂ ಗಡಿಯಾರ ನೋಡಿದರು, ಮತ್ತೆ ನೋಡಿದರು. ಕೊನೆಗೆ ಉದ್ದಕ್ಕೆ ಸೀಟಿ ಊದಿ ಕೈಯನ್ನು ನಿಪ್ಪಾಣಿಯವರ ಕಡೆ ಚಾಚಿದರು.

ನಿಪ್ಪಾಣಿಯ ಕ್ಯಾಪ್ಟನ್ ಮನಿಷಾ ಬಂದು ಪ್ರಾಜಕ್ತಾಳ ಕೈ ಹಿಡಿದಳು. "ಹಿಂಗ ಗೆದ್ದದ್ದು ಗೆಲುವಲ್ಲವಾ," ಎಂದಳು. ಅವಳ ಅಂಗೈಗೂ ಕೆಂಪು ಹತ್ತಿತು. ಅವಳು ಅದನ್ನು ನೋಡಿದಳು. ಒರೆಸಿಕೊಳ್ಳಲಿಲ್ಲ. ಆ ಕೈಯಲ್ಲೇ ಹೋಗಿ ಕಪ್ಪು ಹಿಡಿದಳು. ಕಪ್ಪು ಕೊಡುತ್ತಿದ್ದ ಬಾಳಾಸಾಬರ ಬಿಳಿ ತೋಳಿಗೆ ಒಂದು ಕೆಂಪು ಬೆರಳು ಮೂಡಿತು.

ಜನ ಚದುರುವಾಗ ಬಾಳಾಸಾಬ ಅನುಸೂಯಾಳ ಹತ್ತಿರ ಬಂದು ನಿಂತರು. ತೋಳಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಕುರುಬರ ಅಮೋಘಸಿದ್ದನ ಮಗಳಲ್ಲ ನೀನು? ಅಲಖನೂರ ದಾರಿ ಭಾಳ ಉದ್ದ ಐತವಾ," ಎಂದರು ಮೆಲ್ಲಗೆ. "ಎರಡೂ ಬದಿಗೆ ಆಳೆತ್ತರ ಕಬ್ಬು. ಜ್ವಾಪಾನ ಹೋಗು."

ನೀಲಮ ತನ್ನ ಅಪ್ಪನ ಕಡೆ ನಡೆದಳು. ಅವನ ಕೈಯಲ್ಲಿ ಎತ್ತಿನ ಹಗ್ಗ ಇರಲಿಲ್ಲ. ಯಾರೋ ಆಗಲೇ ಕಸಿದುಕೊಂಡಿದ್ದರು.

ಗೇಟಿನ ಹೊರಗೆ ಧೂಳು ಎದ್ದಿತ್ತು. ಅಮೋಘಸಿದ್ದ ಹಿಂಡು ಹೊಡೆದುಕೊಂಡು ಬಂದಿದ್ದ. ಅಣ್ಣಾಸಾಬ ಹೊಲ ಬಿಡಿಸಿದ್ದ, ಬೇರೆ ಹೊಲ ಹುಡುಕಬೇಕಿತ್ತು. ಮಗಳು ಬರುವುದನ್ನು ನೋಡಿ ಅವನು ಕೋಲಿನ ಮೇಲೆ ಭಾರ ಬಿಟ್ಟು ನಿಂತ. ಅವಳು ಹತ್ತಿರ ಬಂದ ಮೇಲೆ ಭುಜ ಹಿಡಿದು ತಿರುಗಿಸಿದ. ಅಕ್ಷರ ಅವನಿಗೆ ಬಾರದು. ಅಂಗೈ ಬರುತ್ತಿತ್ತು.

"ಇದು ನಮ್ಮವ್ವನ ಕೈ ಅಲ್ಲ," ಎಂದ.

"ನೀಲಮಂದು. ಸರ್ಜಾನ ಮೈ ತೊಳೀತಾನಲ್ಲ, ಅವನ ಮಗಳು."

"ಆಕಿ ಬೆನ್ನಮ್ಯಾಲ?"

"ನಂದು. ಪ್ರಾಜಕ್ತಾಂದು. ಎಲ್ಲಾರದೂ."

"ಮತ್ತ ನೀ ಯಾರ ಹಿಂಡಿನಾಕಿ ಅಂತ ಹೆಂಗ ತಿಳೀಬೇಕು?"

"ಯಾರಿಗೂ ತಿಳಿಬಾರದು ಅಂತ ಹಚ್ಚೀವಪ್ಪಾ."

ಅಮೋಘಸಿದ್ದ ನಾಲಿಗೆಯಲ್ಲಿ ಟಕ್ ಎಂದು ಸದ್ದು ಮಾಡಿ ಹಿಂಡನ್ನು ನಡೆಸಿದ. ಆ ದಾರಿಯ ಊರುಗಳ ಹುಡುಗಿಯರು ನಾಲ್ವರಿದ್ದರು. ಬಸ್ಸಿಗೆ ಕಾಯದೆ ಅವರೂ ಕುರಿಗಳ ಜೊತೆ ನಡೆದರು. ರಸ್ತೆ ಈ ಅಂಚಿನಿಂದ ಆ ಅಂಚಿಗೆ ಕುರಿಗಳಿಂದ ತುಂಬಿತು. ಹೊತ್ತು ಮುಳುಗುವಾಗ ಎರಡೂ ಬದಿಗೆ ಕಬ್ಬು ಶುರುವಾಯಿತು. ಗಾಳಿ ಇರಲಿಲ್ಲ. ಆದರೂ ಒಂದೆಡೆ ಗರಿ ಅಲ್ಲಾಡಿತು.

ಹಿಂದೆ ಬೈಕು ಬಂತು. ಒಂದಲ್ಲ. ಹಾರ್ನ್ ಹೊಡೆದರು. ಕುರಿಗಳು ಕಿವಿ ನಿಮಿರಿಸಿದವು. ಅಮೋಘಸಿದ್ದ ಹಿಂಡನ್ನು ಬದಿಗೆ ಸರಿಸಲಿಲ್ಲ. ಈ ರಸ್ತೆಯಲ್ಲಿ ಹಾರ್ನ್ ಕೇಳಿದ ಕೂಡಲೇ ಕೋಲು ಬೀಸಿ ಕುರಿ ಸರಿಸುವುದು ಅವನ ರೂಢಿ. ಇವತ್ತು ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡ.

"ನಾಳೆ ಎಷ್ಟಕ್ಕ ಐತಿ ನಿಮ್ಮ ಪ್ರಾಕ್ಟೀಸು?" ಎಂದ, ಮುಂದೆ ನೋಡುತ್ತಲೇ.

ಅನುಸೂಯಾ ಅವನ ಪಕ್ಕಕ್ಕೆ ಬಂದಳು. "ಮುಂಜಾನಿ ಆರಕ್ಕ."

"ನಾನೂ ಬರ್ತೀನಿ. ಕುರಿ ಆ ಕಡೆನ ಹೊಡ್ಯೂದೈತಿ."

ಹಾರ್ನ್ ಮತ್ತೆ ಕೂಗಿತು. ಈ ಸಲ ನಿಲ್ಲಲಿಲ್ಲ. ಬೈಕುಗಳ ಬೆಳಕು ಹತ್ತಿ ಅವರ ಬೆನ್ನ ಮೇಲೆ ಬಿದ್ದವು. ಮುಂದಿನ ಧೂಳಿನಲ್ಲಿ ಅವರ ನೆರಳು ಉದ್ದವಾಯಿತು. ಬೆನ್ನ ಮೇಲಿನ ಎಣ್ಣೆ ಆಗಲೇ ಬಿಗಿಯುತ್ತಿತ್ತು. ಹಿಂಡಿನ ಕಡೆಯಲ್ಲಿ, ಬೆನ್ನು ಬೋಳಾದ ಆ ಕುರಿ, ಬೈಕಿನ ಗಾಲಿಗೆ ಒಂದು ಮೊಳ ದೂರದಲ್ಲಿ, ತನ್ನ ಹೆಜ್ಜೆಯಲ್ಲೇ ನಡೆಯುತ್ತಿತ್ತು.

ಯಾರೂ ತಿರುಗಿ ನೋಡಲಿಲ್ಲ. ಯಾರೂ ದಾರಿ ಬಿಡಲಿಲ್ಲ.